ಬರಿದಾಗಿ ಮರಳದ ಡಬ್ಬಿಗಳು

ಭಾನುವಾರ ನಸುಕಿನಲ್ಲಿ ಹೆಂಡತಿಯ ಫೋನು ಬಂದಾಗ ವಿಶ್ವನಾಥ "ಎಲ್ಲಾ ಉಂಡೆ" ಎಂದು ಹೇಳಿ ಸುಮ್ಮನಾಗಿದ್ದರೆ ಸಾಕಿತ್ತು. ಮಾತಿನ ಭರದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, "ಖರೇ ಹೇಳಬೇಕಂದ್ರ ರೊಟ್ಟಿ ಸಾಲಲಿಲ್ಲ ನೋಡು" ಎಂದುಬಿಟ್ಟ.

ಆಚೆ ಕಡೆ ಅಕ್ಷಯಾಳ ದನಿ ಮೆತ್ತಗಾಯಿತು. "ಸಂಜೀ ರೈಲಿಗೆ ಯಶವಂತಪುರ ಸ್ಟೇಷನ್ನಿಗೆ ಬರ್ರಿ. ಸಾಮಾನು ಭಾಳ ಅದಾವ" ಎಂದು ಹೇಳಿ ಫೋನು ಇಟ್ಟಳು.

ವಿಶ್ವನಾಥ ಹಾಸಿಗೆಯಿಂದೆದ್ದು ನೇರ ಅಡುಗೆಮನೆಗೆ ಹೋದ. ಕಟ್ಟೆಯ ಮೇಲೆ ಬುಟ್ಟಿಯಲ್ಲಿ ಜೋಳದ ಕಡಕ್ ರೊಟ್ಟಿ ಅವಳು ಬಟ್ಟೆ ಮುಚ್ಚಿ ಹೋದ ಹಾಗೆಯೇ ಇತ್ತು. ಫ್ರಿಜ್ಜು ತೆರೆದರೆ ಒಂದು ದೊಡ್ಡ ಪಾತ್ರೆ ತುಂಬ ದೋಸೆ ಹಿಟ್ಟು. ಅದರ ಪಕ್ಕದಲ್ಲಿ ಹಿಂದಿನ ರಾತ್ರಿ ಅವನೇ ಪಶ್ಚಾತ್ತಾಪ ತಡೆಯಲಾರದೆ ಕುಕ್ಕರಿನಲ್ಲಿ ಇಟ್ಟು, ಅಳತೆ ತಿಳಿಯದೆ ಒಂದು ಪಂಕ್ತಿಗಾಗುವಷ್ಟು ಮಾಡಿದ ಅನ್ನ. ಅನ್ನ ಆಗುವ ಹೊತ್ತಿಗೆ ಆಫೀಸಿನ ಗೆಳೆಯನೊಬ್ಬ ಬಂದು ಯಲಹಂಕದ ಹೋಟೆಲಿಗೆ ಎಳೆದುಕೊಂಡು ಹೋಗಿದ್ದ. ಎಳೆದದ್ದೂ ಅಷ್ಟೇನಲ್ಲ, ಕರೆದದ್ದೇ ತಡ ಇವನು ಚಪ್ಪಲಿ ಮೆಟ್ಟಿದ್ದ.

ಅಕ್ಷಯಾ ಬಸುರಿ ತಂಗಿಯ ಕುಬಸಕ್ಕೆಂದು ಗದಗಿನ ತವರಿಗೆ ಹೋಗಿ ನಾಲ್ಕು ದಿನವಾಗಿತ್ತು. ಹೋದ ತಿಂಗಳು ಇವನಿಗೆ ಹೊಟ್ಟೆ ಕೆಟ್ಟು, ಡಾಕ್ಟರು ಹೊರಗಿನದನ್ನು ಮುಟ್ಟಬೇಡಿ ಎಂದಿದ್ದರು. ಅದಕ್ಕೇ ಅವಳು ಹೊರಡುವ ಮುಂಚೆ ಕತ್ತಲಲ್ಲೆದ್ದು ರೊಟ್ಟಿ ಬಡಿದು, ಹಿಟ್ಟು ರುಬ್ಬಿ, ಯಾವುದನ್ನು ಯಾವಾಗ ಉಣ್ಣಬೇಕೆಂದು ಮೂರು ಸಲ ಹೇಳಿ ಹೋಗಿದ್ದಳು. ಇವನು ಹೆಬ್ಬಾಳದ ಆಫೀಸಿನಿಂದ ಬಂದು ಅಲ್ಲಾಳಸಂದ್ರದಲ್ಲಿ ಬಸ್ಸಿಳಿದರೆ ಎದುರಿಗೇ ದರ್ಶಿನಿ ಹೋಟೆಲು. ಬೀಗ ತೆಗೆದು ಒಬ್ಬನೇ ಕೂತು ಉಣ್ಣುವ ಮನೆಗಿಂತ ಆ ಗದ್ದಲವೇ ಹಿತವೆನಿಸುತ್ತಿತ್ತು.

ಎಸೆಯುವಂತಿರಲಿಲ್ಲ. ಮನೆ ಮಾಲೀಕ ಚಿಕ್ಕಬೈರಪ್ಪನ ಹೆಂಡತಿ ಮುನಿಗಂಗಮ್ಮ ಹೊಲಗಳೆಲ್ಲ ಸೈಟುಗಳಾದ ಮೇಲೂ ಒಂದು ಹಸು ಸಾಕಿಕೊಂಡಿದ್ದಳು. ಬೆಳಿಗ್ಗೆ ಗೇಟಿನ ಬಳಿ ಇಡುವ ಹಸಿ ಕಸದ ಬಕೆಟ್ಟುಗಳನ್ನೆಲ್ಲ ಸಿಪ್ಪೆಗಾಗಿ ಕೆದಕುವುದು ಅವಳ ಪದ್ಧತಿ. ಯಾರ ಮನೆಯಲ್ಲಿ ಏನು ಉಳಿಯಿತು, ಏನು ಹಳಸಿತು ಎಂಬುದು ಅವಳಿಗೆ ಗೊತ್ತಾದ ಅರ್ಧ ಗಂಟೆಯಲ್ಲಿ ಅಕ್ಷಯಾಳಿಗೂ ಗೊತ್ತಾಗುತ್ತಿತ್ತು. ಹೋದ ವರ್ಷ ಒಂದು ಬಟ್ಟಲು ಪಲ್ಯದ ವಿಷಯ ಹಾಗೆ ಗೊತ್ತಾಗಿ, ಅಕ್ಷಯಾ ಗಂಡನೊಡನೆ ಒಂದು ವಾರ ಮಾತು ಬಿಟ್ಟಿದ್ದಳು. ಬೈಗುಳವನ್ನಾದರೂ ವಿಶ್ವನಾಥ ತಡೆದುಕೊಳ್ಳಬಲ್ಲ, ಆ ಮೌನವನ್ನಲ್ಲ.

ಉಳಿದ ದಾರಿ ಒಂದೇ. ಇರುವುದನ್ನೆಲ್ಲ ಹೊಸ ತಿಂಡಿ ಮಾಡಿ ಸಂಜೆಯೊಳಗೆ ಹಂಚಿಬಿಡುವುದು.

ಮೊದಲು ರೊಟ್ಟಿ. ಚಿಕ್ಕಂದಿನಲ್ಲಿ ಅವ್ವ ಮಾಡುತ್ತಿದ್ದುದು ನೆನಪಿತ್ತು. ಮುರಿದು ಚೂರು ಮಾಡಿ, ಮಜ್ಜಿಗೆ ಚಿಮುಕಿಸಿ ಮೆತ್ತಗಾಗಲು ಬಿಟ್ಟ. ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿ, ಹಸಿಮೆಣಸು ಹಾಕಿ, ಅರಿಸಿನ ಉದುರಿಸಿ, ರೊಟ್ಟಿ ಸುರಿದು ಮೇಲೆ ಶೇಂಗಾ ಪುಡಿ ಬೆರೆಸಿದ. ಉಪ್ಪು ನೋಡಲೆಂದು ಒಂದು ಚೂರು ಬಾಯಿಗೆ ಹಾಕಿದವನು ನಿಂತಲ್ಲೇ ನಿಂತ. ಆಮೇಲೆ ತಟ್ಟೆ ತೆಗೆದುಕೊಂಡು, ನೆಲದ ಮೇಲೆ ಕೂತು ಹೊಟ್ಟೆ ತುಂಬ ತಿಂದ. ಇಷ್ಟು ಸುಲಭದ ಕೆಲಸಕ್ಕೆ ನಾಲ್ಕು ದಿನ ಹೋಟೆಲು ಅಲೆದೆನಲ್ಲ ಎಂದು ನಾಚಿಕೆಯಾಯಿತು. ಆದರೆ ಬುಟ್ಟಿಯ ರೊಟ್ಟಿಯೆಲ್ಲ ಒಂದೇ ಹೊಟ್ಟೆಗೆ ಇಳಿಯುವಂಥದ್ದಲ್ಲ. ಉಳಿದದ್ದನ್ನು ದೊಡ್ಡ ಸ್ಟೀಲು ಡಬ್ಬಿಗೆ ತುಂಬಿಕೊಂಡು ಕೆಳಗೆ ಹೋದ.

ಮುನಿಗಂಗಮ್ಮ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. "ಎಂಡ್ರು ಊರ್ಗೋಗವ್ಳೆ. ನೀನೇ ಮಾಡ್ದಾ ಇದ್ನ?"

ಹೌದೆಂದ. ಅವಳು ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಏನೇನು ಹಾಕಿದೆ ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡು, ಗಂಡನನ್ನೂ ಕರೆದು ತಿನ್ನಿಸಿದಳು. ವಿಶ್ವನಾಥ ಗೆದ್ದೆನೆಂದುಕೊಂಡು ಮೆಟ್ಟಿಲ ಕಡೆ ತಿರುಗಿದಾಗ ಅವಳು ತಡೆದಳು. ಒಳಗೆ ಹೋಗಿ ಡಬ್ಬಿ ತೊಳೆದು, ಅದರ ತುಂಬ ಹುರುಳಿಕಾಳಿನ ಬಸ್ಸಾರು ಸುರಿದು, ಮೇಲೊಂದು ತಟ್ಟೆಯಲ್ಲಿ ಮುದ್ದೆ ಇಟ್ಟು ತಂದಳು.

"ಬರೀ ಡಬ್ಬಿ ಕೊಡ್ಬಾರ್ದು ಕಣಪ್ಪ. ನೆನ್ನೆ ಸಾರು. ಇವತ್ತೇ ಅದ್ರ ರುಚಿ."

ವಿಶ್ವನಾಥ ಮೇಲೆ ಬಂದು ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟು, ಒಂದು ಬುಟ್ಟಿ ಹೋಗಿ ಒಂದು ಡಬ್ಬಿ ಬಂತು, ಪರವಾಗಿಲ್ಲ ಎಂದು ಸಮಾಧಾನ ಮಾಡಿಕೊಂಡ.

ಅನ್ನಕ್ಕೆ ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಕಲಸಿ ಎದುರು ಮನೆಯ ಶಾಂತಲಾಗೆ ಕೊಟ್ಟ. ಆಕೆ ಶಾಲೆಯೊಂದರಲ್ಲಿ ಟೀಚರು, ಬೀದಿಯವರ ವಾಟ್ಸಾಪ್ ಗುಂಪಿಗೂ ಹೆಚ್ಚುಕಡಿಮೆ ಹೆಡ್‌ಮಿಸ್ಸು. ಚಿತ್ರಾನ್ನವನ್ನು ತಿನ್ನುವ ಮೊದಲು ಫೋಟೋ ತೆಗೆದಳು. ಹೆಂಡತಿ ಊರಲ್ಲಿಲ್ಲದಾಗ ವಿಶ್ವನಾಥ್ ಸರ್ ಪಾಪ ತಾವೇ ಅಡುಗೆ ಮಾಡಿಕೊಂಡು, ನಮಗೂ ಕೊಡುತ್ತಿದ್ದಾರೆ ಎಂದು ಬರೆದು ಗುಂಪಿಗೆ ಹಾಕಿದಳು. ಪಾತ್ರೆಯನ್ನು ಹಿಂದಿನ ದಿನದ ಪೂಜೆಯಲ್ಲಿ ಉಳಿದ ಪುಳಿಯೋಗರೆಯಿಂದ ತುಂಬಿ, ಕೇಸರಿಬಾತಿನ ಇನ್ನೊಂದು ಡಬ್ಬಿಯನ್ನೂ ಸೇರಿಸಿ ಕೈಗಿತ್ತಳು.

ಆ ಬೀದಿಯಲ್ಲಿ 'ಪಾಪ' ಎಂಬ ಮಾತಿಗೆ ಬಹಳ ಬೆಲೆಯಿತ್ತು. ಹನ್ನೆರಡರ ಬಿಸಿಲು ಏರುವ ಹೊತ್ತಿಗೆ ಬಾಗಿಲು ತಟ್ಟುವುದು ಶುರುವಾಯಿತು. ಮೂಲೆ ಮನೆಯ ಗೋಪಾಲಮ್ಮ ಸೊಪ್ಪಿನ ಹುಳಿ ತಂದಳು. ಹಿಂದಿನ ಬೀದಿಯ ಯಾರೋ, ಹೆಸರನ್ನೂ ಹೇಳದೆ, ಒಂದು ಟಿಫನ್ ಕ್ಯಾರಿಯರ್ ಇಟ್ಟುಹೋದರು. ಎಲ್ಲರದೂ ಹಿಂದಿನ ದಿನದ್ದೇ. ಎಲ್ಲರೂ ಇದು ಇವತ್ತೇ ಹೆಚ್ಚು ರುಚಿ ಎಂದೇ ಹೇಳಿದರು. ಅವರ ಮುಖದಲ್ಲಿಯ ನೆಮ್ಮದಿಯನ್ನು ನೋಡಿ, ಊರಲ್ಲಿ ಫ್ರಿಜ್ಜು ಖಾಲಿ ಮಾಡಲು ಹೊರಟವನು ತಾನೊಬ್ಬನೇ ಅಲ್ಲವೆಂದು ವಿಶ್ವನಾಥನಿಗೆ ಅನುಮಾನ ಬಂತು.

ಆದರೂ ಛಲ ಬಿಡದೆ ಪಡ್ಡಿನ ಕಾವಲಿ ಒಲೆಯ ಮೇಲಿಟ್ಟ. ಹುಳಿ ಬಂದಿದ್ದ ಹಿಟ್ಟಿಗೆ ಈರುಳ್ಳಿ, ಕೊತ್ತಂಬರಿ ಹೆಚ್ಚಿ ಹಾಕಿ ಕುಳಿಗಳಿಗೆ ಹುಯ್ದ. ಪಡ್ಡು ಕೆಂಪಗೆ ಉಬ್ಬಿ ಬಂದವು. ಪಾತ್ರೆಯ ತಳ ಕಾಣತೊಡಗಿದಾಗ ಮೇಲಿನ ಮನೆಯ ಅನಂತರಾಜು ಬಂದ. ಮದುವೆಯಾಗದ ಹುಡುಗ, ಎಷ್ಟು ಕೊಟ್ಟರೂ ತಿನ್ನುವವನು. ವಿಶ್ವನಾಥ ಸಂತೋಷದಿಂದ ತಟ್ಟೆ ತುಂಬ ಪಡ್ಡು ಹಾಕಿಕೊಟ್ಟ. ಅನಂತರಾಜು ತಿಂದು ಮುಗಿಸಿ, ಬಾಗಿಲ ಹೊರಗೆ ಇಟ್ಟುಬಂದಿದ್ದ ಒಂದು ಬಕೆಟ್ಟನ್ನು ಒಳಗೆ ತಂದ.

"ನಮ್ಮಮ್ಮ ದೊಡ್ಡಬಳ್ಳಾಪುರದಿಂದ ಹಿಟ್ಟು ಕಳ್ಸಿದಾರೆ ಸರ್. ನಂಗೆ ದೋಸೆ ಹುಯ್ಯಕ್ಕೆ ಬರಲ್ಲ. ಹೆಂಗೂ ನೀವ್ ಮಾಡ್ತಿದೀರಲ್ಲ, ಇದ್ನೂ ಸೇರಿಸ್ಕೊಂಬಿಡಿ."

ಮೂರು ಗಂಟೆಯ ಹೊತ್ತಿಗೆ ಫ್ರಿಜ್ಜಿನ ಬಾಗಿಲು ಮುಚ್ಚುತ್ತಿರಲಿಲ್ಲ. ಡಬ್ಬಿಗಳು ಆಫೀಸಿನ ಹೊತ್ತಿನ ಬಸ್ಸಿನ ಜನರಂತೆ ಒಂದರ ಹೆಗಲಿಗೆ ಒಂದು ಒರಗಿ ನಿಂತಿದ್ದವು. ವಿಶ್ವನಾಥ ಆ ಬಾಗಿಲಿಗೆ ಕುರ್ಚಿ ಒತ್ತಿಟ್ಟು, ಸ್ನಾನ ಮಾಡಿ ಹೊರಟ.

ಆಟೋದಲ್ಲಿ ಕೂತವನು ಒಂದು ತೀರ್ಮಾನಕ್ಕೆ ಬಂದ. ಇನ್ನು ಸುಳ್ಳು ಬೇಡ. ಹೊರಗೆ ತಿಂದೆ, ತಪ್ಪಾಯಿತು, ಇವತ್ತು ನಿನ್ನ ರೊಟ್ಟಿಯನ್ನು ನಾನೇ ಒಗ್ಗರಣೆ ಹಾಕಿ ತಿಂದೆ, ಅದರಂಥದ್ದು ಯಾವ ಹೋಟೆಲಿನಲ್ಲೂ ಸಿಗಲಿಲ್ಲ ಎಂದು ಪ್ಲಾಟ್‌ಫಾರ್ಮಿನಲ್ಲೇ ಹೇಳಿಬಿಡುವುದು. ಮೌನ ಒಂದು ವಾರವಾದರೆ ಆಗಲಿ. ದಾರಿಯುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡಿದ. ಸ್ಟೇಷನ್ನು ಬರುವಷ್ಟರಲ್ಲಿ ಮನಸ್ಸು ಹಗುರಾಗಿ, ಅವಳನ್ನು ನೋಡಬೇಕೆಂದು ನಿಜವಾಗಿಯೇ ಅನಿಸತೊಡಗಿತ್ತು.

ರೈಲು ಬಂತು. ಜನ ಇಳಿದರು. ಅಕ್ಷಯಾ ಇಳಿಯಲಿಲ್ಲ. ಅವಳ ಚಿಕ್ಕಪ್ಪ ಪಂಚಪ್ಪ ಇಳಿದರು. ಹೆಗಲ ಮೇಲೊಂದು ಚೀಲ, ಕೈಯಲ್ಲೊಂದು ಚೀಲ. ಅವರ ಹಿಂದೆಯೇ ಇಬ್ಬರು ಸಹಪ್ರಯಾಣಿಕರು ಬಿಳಿ ಬಟ್ಟೆಯಲ್ಲಿ ಕಟ್ಟಿದ ಒಂದು ದೊಡ್ಡ ಗಂಟನ್ನು ಹುಷಾರಾಗಿ ಕೆಳಗಿಳಿಸಿದರು.

"ಅಕ್ಷಯಾ ಎಲ್ಲೆದಾಳ್ರಿ ಕಾಕಾರ?"

"ಆಕಿ ಇನ್ನ ಹದಿನೈದ ದಿನ ಬರೂದಿಲ್ರಿ ಅಳಿಯಂದ್ರ," ಎಂದರು ಪಂಚಪ್ಪ ಬೆವರು ಒರೆಸಿಕೊಳ್ಳುತ್ತ. "ತಂಗೀ ಜೋಡಿ ಇರು ಅಂತ ಅವರವ್ವ ಅಂತಿದ್ಲು. ನೀವು ಇಲ್ಲಿ ಉಣ್ಣೂದ ಹೆಂಗ ಅಂತ ಅಕ್ಷಯಾಗ ಚಿಂತಿ ಇತ್ತು. ಮುಂಜಾನಿ ನಿಮ್ಮ ಮಾತ ಕೇಳಿ ಜೀವ ಹಗರಾತು. ಕುಬಸದ ಊಟದಾಗ ರೊಟ್ಟಿ ಭಾಳ ಉಳದಿದ್ವು. ಅಷ್ಟೂ ಕಟ್ಟಿ ಕೊಟ್ಟಾಳ."

ವಿಶ್ವನಾಥ ಗಂಟನ್ನು ನೋಡಿದ. ಆಮೇಲೆ ಹೆಂಡತಿಗೆ ಫೋನು ಮಾಡಿದ. ಬಾಯಿಪಾಠ ಮಾಡಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅಕ್ಷಯಾ ಅವನಿಗೆ ಬಿಡುವು ಕೊಡಲಿಲ್ಲ. ತನ್ನ ಕೈಯ ರೊಟ್ಟಿ ಗಂಡನಿಗೆ ಸಾಲಲಿಲ್ಲವೆಂಬುದನ್ನು ಅವಳು ಕುಬಸಕ್ಕೆ ಬಂದು ಉಳಿದಿದ್ದ ಹೆಂಗಸರಿಗೆಲ್ಲ ಹೇಳಿದ್ದಳು. ಎಲ್ಲರ ಮುಂದೆ ಅವಳ ಅವ್ವ ಕಣ್ಣೊರೆಸಿಕೊಂಡಳಂತೆ, ಇಂಥ ಅಳಿಯ ಯಾರಿಗೆ ಸಿಗುತ್ತಾನೆ ಎಂದಳಂತೆ. ಅವಳು ಅಷ್ಟು ಖುಷಿಯಾಗಿ ಮಾತಾಡಿದ್ದನ್ನು ಅವನು ಇತ್ತೀಚೆಗೆ ಕೇಳಿರಲಿಲ್ಲ. "ರೊಟ್ಟಿ ಬಂದು ಮುಟ್ಟಿದಾವ" ಎಂದಷ್ಟೇ ಹೇಳಿ ಫೋನು ಇಟ್ಟ.

ಹೊರಗೆ ಬಂದ ಮೇಲೆ ಪಂಚಪ್ಪನವರು ಸ್ಟೇಷನ್ನಿನ ಎದುರಿನ ಹೋಟೆಲನ್ನು ಕಂಡು ನಿಂತರು. ಮುಂಜಾನೆಯಿಂದ ಏನೂ ತಿಂದಿಲ್ಲವೆಂದರು. ವಿಶ್ವನಾಥ ಹೆಗಲ ಮೇಲಿನ ಗಂಟಿನ ಸಮೇತ ಹಿಂದೆಯೇ ಹೋದ. ಮನೆಗೆ ಹೋದ ಮೇಲೆ ಇವರಿಗೆ ಬಸ್ಸಾರು, ಪುಳಿಯೋಗರೆ, ಹುಳಿ, ಪಡ್ಡು ಎಲ್ಲವನ್ನೂ ಬಡಿಸಬಹುದು, ಆಳು ಗಟ್ಟಿಮುಟ್ಟಾಗಿದ್ದಾರೆ ಎಂಬ ಒಂದು ಸಣ್ಣ ಆಸೆ ಆಗ ಅವನಲ್ಲಿ ಹುಟ್ಟಿತು.

ಪಂಚಪ್ಪ ಒಂದೇ ಒಂದು ಮಸಾಲೆ ದೋಸೆ ಹೇಳಿದರು. ದೋಸೆ ಬಂತು, ಅಂಚಿನಲ್ಲಿ ಗರಿಗರಿಯಾಗಿ, ಮೇಲೆ ಬೆಣ್ಣೆ ಕರಗುತ್ತ. ಅವರು ಅದಕ್ಕೆ ಕೈ ಹಾಕುವ ಮೊದಲು ಗಂಟು ಬಿಚ್ಚಿ, ಎರಡು ರೊಟ್ಟಿ ತೆಗೆದು, ಕಾಗದದ ಮೇಲೆ ಶೇಂಗಾ ಚಟ್ನಿ ಹಾಕಿ ವಿಶ್ವನಾಥನ ಮುಂದಿಟ್ಟರು. ಮಾಣಿ ಏನೋ ಹೇಳಲು ಬಂದವನು ಪಂಚಪ್ಪನವರ ಮೀಸೆ ನೋಡಿ ಹಿಂದೆ ಸರಿದ.

"ಊಟಾ ಮಾಡ್ರಿ ಅಳಿಯಂದ್ರ. ನಾ ಆಕಿ ಬರೂಮಟಾ ಇಲ್ಲೇ ಇರಾಂವ," ಎಂದರು ಅವರು ದೋಸೆಯ ಮೊದಲ ತುಂಡನ್ನು ಚಟ್ನಿಯಲ್ಲಿ ಅದ್ದುತ್ತ. "ನನ್ನ ಚಿಂತಿ ಮಾತ್ರ ಮಾಡಬ್ಯಾಡ್ರಿ. ಬೆಂಗಳೂರಿಗೆ ಬಂದಾಂವ ಮನ್ಯಾಗ ಉಣ್ಣೂದ ಯಾಕ? ನಂದು ಮೂರೂ ಹೊತ್ತು ಹೊರಗ. ನಿಮ್ಮ ಮನ್ಯಾಗಿನ ಒಂದು ಅಗಳಿಗೂ ಕೈ ಹಚ್ಚೂದಿಲ್ಲಂತ ಅಕ್ಷಯಾಗ ಮಾತ ಕೊಟ್ಟ ಬಂದೇನಿ."