ಖಾಲಿ ಡಬ್ಬಿ ಕೊಡಬಾರದು

ಮನುಷ್ಯನಿಗೆ ತಾನು ಏನು ತಿನ್ನುತ್ತೇನೆಂದು ಗೊತ್ತಿರುತ್ತದೆ ಅಂತ ಡಾಕ್ಟರುಗಳು ನಂಬಿದ್ದಾರೆ. ನನ್ನ ಅನುಭವದಲ್ಲಿ ಅದು ಗೊತ್ತಿರುವುದು ಹೆಂಡತಿಗೆ ಮಾತ್ರ. ನನ್ನನ್ನು ಕೇಳಿದರೆ "ಏನಿಲ್ಲ, ಎರಡು ರೊಟ್ಟಿ" ಎನ್ನುತ್ತೇನೆ. ರೊಟ್ಟಿಯ ಮೇಲಿನ ಬೆಣ್ಣೆ, ಪಕ್ಕದ ಶೇಂಗಾ ಹಿಂಡಿಯೆಂಬ ಚಟ್ನಿಪುಡಿ, ಕೊನೆಗೆ ಹೊಟ್ಟೆಗೆ ತಂಪೆಂದು ಉಂಡ ಮೊಸರನ್ನ ಇವೆಲ್ಲ ನನ್ನ ನೆನಪಿನಲ್ಲಿ ಉಳಿಯುವುದಿಲ್ಲ. ಉಳಿಯುವ ಜಾಗ ಬೇರೆ.

ಕಲಬುರಗಿ ಕಡೆಯಿಂದ ಕಾರ್ಖಾನೆ ನೌಕರಿಗೆಂದು ಹೈದರಾಬಾದಿಗೆ ಬಂದು, ಲಿಂಗಂಪಲ್ಲಿಯ ಅಪಾರ್ಟ್‌ಮೆಂಟಿನಲ್ಲಿ ಬೇರೂರಿದ ನನಗೆ ಈಚೆಗೆ ಸಕ್ಕರೆ ಕಾಯಿಲೆ. "ಮುಂದಿನ ಸಲವೂ ಇಳಿಯದಿದ್ದರೆ ಇನ್ಸುಲಿನ್ ಸೂಜಿ" ಎಂದುಬಿಟ್ಟರು ಡಾಕ್ಟರು. ಸೂಜಿಯೆಂದರೆ ನನಗೆ ಜೀವಭಯ. ಎದುರು ಮನೆಯ ರಾವ್‌ಗಾರಿಗೂ ಸಕ್ಕರೆ, ಪಕ್ಕದ ಗುಪ್ತಾಜಿಗೆ ಕೊಲೆಸ್ಟ್ರಾಲು. ಲಿಫ್ಟಿನಲ್ಲಿ ಸಿಕ್ಕಾಗ ಒಬ್ಬರು ಮೆಂತ್ಯದ ನೀರು ಕುಡಿಯಿರಿ ಎಂದರೆ, ಇನ್ನೊಬ್ಬರು ರಾಗಿ ಬಿಟ್ಟು ಬೇರೇನೂ ಮುಟ್ಟಬೇಡಿ ಎನ್ನುತ್ತಿದ್ದರು. ಈ ಗೊಂದಲ ನೋಡಲಾರದೆ ಅಪಾರ್ಟ್‌ಮೆಂಟ್ ಸಂಘದವರು ಒಬ್ಬ ಆಹಾರ ತಜ್ಞೆಯನ್ನು ಕರೆಸಿದರು. ಆಕೆ ಬಹಳ ಹೇಳಿದರು. ನಮಗೆ ನಾಟಿದ್ದು ಮಾತ್ರ ಒಂದೇ ಮಾತು: ಮನೆಯಲ್ಲಿ ಸಿಹಿ ಇಟ್ಟುಕೊಳ್ಳಬೇಡಿ.

ಅದನ್ನು ಇಡೀ ಮಹಡಿ ನಿಷ್ಠೆಯಿಂದ ಪಾಲಿಸಿತು. ಹಬ್ಬ ಬಂದರೆ ದೇವರಿಗೆ ಸಿಹಿ ತಪ್ಪಿಸುವಂತಿಲ್ಲ. ನೈವೇದ್ಯವಾದ ಕೂಡಲೇ ನನ್ನ ಹೆಂಡತಿ ಶಾಂತಾ ಶೇಂಗಾ ಹೋಳಿಗೆಯನ್ನೆಲ್ಲ ಡಬ್ಬಿಗೆ ತುಂಬಿ ಎದುರು ಮನೆಗೆ ದಾಟಿಸುತ್ತಿದ್ದಳು. ಆದರೆ ಯಾವ ಭಾಷೆಯವರೇ ಆಗಲಿ, ಖಾಲಿ ಡಬ್ಬಿ ಹಿಂದಿರುಗಿಸುವ ಪದ್ಧತಿ ಇಲ್ಲವಲ್ಲ! ರಾವ್‌ಗಾರ ಹೆಂಡತಿ ಲಕ್ಷ್ಮಿಗಾರು ತಮ್ಮ ಮನೆಯಿಂದ ಹೊರಹಾಕಬೇಕಾಗಿದ್ದ ಅರಿಸೆಲು, ಅಂದರೆ ಆ ಕಡೆಯ ಕಜ್ಜಾಯವನ್ನು, ಅದೇ ಡಬ್ಬಿಯಲ್ಲಿ ಕಳಿಸುತ್ತಿದ್ದರು. ಗುಪ್ತಾಜಿ ಮನೆಯಿಂದ ತುಪ್ಪದ ಲಡ್ಡು. ಬಂದದ್ದನ್ನು ಚೆಲ್ಲಿದರೆ ಕೊಟ್ಟವರಿಗೆ ಅವಮಾನ. ಅವರ ಮರ್ಯಾದೆ ಕಾಪಾಡಲು ನಾನು ತಿನ್ನುತ್ತಿದ್ದೆ.

ಮತ್ತೆ ಪರೀಕ್ಷೆಯಾಯಿತು. ಸಕ್ಕರೆ ಇಳಿಯುವುದಿರಲಿ, ಏರಿತ್ತು. ಡಾಕ್ಟರು ಕೊನೆಯ ಅವಕಾಶವೆಂದು ಅದೇ ತಜ್ಞೆಯ ಬಳಿ ಕಳಿಸಿದರು. ಶಾಂತಾ ಆಕೆಯೆದುರು ಹಿಂದಿಯಲ್ಲಿ ಶುರುಮಾಡಿ, ಅಳು ಬಂದೊಡನೆ ನನ್ನ ಕಡೆ ತಿರುಗಿ ಕನ್ನಡಕ್ಕಿಳಿದಳು. "ಸಕ್ಕರಿ ಡಬ್ಬಿ ತೊಳದು ಬೋರಲ ಹಾಕೀನ್ರಿ. ಮನ್ಯಾಗ ಒಂದು ಚೂರು ಸಿಹಿ ಇಲ್ಲ. ಆದ್ರ ಮಂದಿ ಕೊಟ್ಟಿದ್ದು ತಿಂತೀರಲ್ರಿ! ನಿಮಗೇನರ ಆದ್ರ ನಾ ಏನ್ ಮಾಡ್ಲಿ?"

ಸೂಜಿಗಿಂತ ಆ ಮಾತೇ ಹೆಚ್ಚು ಚುಚ್ಚಿತು. ನಾನು ತಲೆ ತಗ್ಗಿಸಿ ಡಬ್ಬಿಗಳ ಕಥೆಯನ್ನೆಲ್ಲ ತಜ್ಞೆಗೆ ಹೇಳಿದೆ. ಆಕೆ ನಗು ತಡೆದುಕೊಂಡು, "ಡಬ್ಬಿ ನಿಲ್ಲಿಸಬೇಡಿ. ಒಳಗಿರುವುದನ್ನು ಬದಲಾಯಿಸಿ" ಎಂದರು.

ಮರುದಿನ ನಮ್ಮ ಡಬ್ಬಿಯಲ್ಲಿ ಮೊಳಕೆ ಹೆಸರುಕಾಳಿನ ಕೋಸಂಬರಿ ಹೋಯಿತು. ಲಕ್ಷ್ಮಿಗಾರು ಮುಚ್ಚಳ ತೆಗೆದು, ಡಬ್ಬಿ ನಮ್ಮದೇ ಹೌದೋ ಅಲ್ಲವೋ ಎಂದು ಇನ್ನೊಮ್ಮೆ ನೋಡಿದರಂತೆ. ಆಮೇಲೆ ಡಬ್ಬಿ ಸೌತೆಕಾಯಿ ಹೋಳು ಹೊತ್ತು ಮರಳಿತು. ಗುಪ್ತಾಜಿ ಮನೆಯಿಂದ ಬೇಯಿಸಿದ ಕಡಲೆ. ಹೀಗೇ ನಡೆದು, ಮುಂದಿನ ಪರೀಕ್ಷೆಯ ಹೊತ್ತಿಗೆ ಸಕ್ಕರೆ ಇಳಿಯಿತು. ಸೂಜಿ ತಪ್ಪಿತು. ಶಾಂತಾ ದೇವರಿಗೆ ಕೈಮುಗಿದಳು, ನಾನೂ ಮುಗಿದೆ. ನಿಜವಾಗಿಯೂ ಸಂತೋಷವಾಗಿತ್ತು.

ಆ ಸಂತೋಷದಲ್ಲೇ ಸೌತೆಕಾಯಿ ಅಗಿಯುತ್ತ ಸಹಜವಾಗಿ ಕೇಳಿದೆ: "ಅಲ್ಲ, ಮ್ಯಾಲಿನ ಮಹಡಿಗೆ ಹೊಸದಾಗಿ ಯಾರೋ ಬಂದಾರಂತಲ್ಲ, ಅವರು ಈ ಮೇಡಮ್ಮನ ಭಾಷಣ ಕೇಳಿಲ್ಲ ಹೌದಿಲ್ಲೊ? ಅವರಿಗೂ ಒಂದು ಡಬ್ಬಿ ಕೋಸಂಬರಿ ಕಳಸು."