ಯಾದಿಯಲ್ಲಿ ತಿಳವಳ್ಳಿ

ಮರೆವಿನವರಲ್ಲಿ ಎರಡು ಜಾತಿ. ಮರೆತೆನಲ್ಲ ಎಂದು ಪೇಚಾಡುವವರು ಒಂದು. ತಾವು ಮರೆತದ್ದಕ್ಕೆ ಮನೆಯವರಿಗೆ ಶಿಸ್ತು ಕಲಿಸುವವರು ಇನ್ನೊಂದು. ನಾನು ಎರಡನೆಯ ಪೈಕಿ. ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಲಾರಿಗೆ ಏರುವ ಚೀಲಗಳನ್ನು ಬರೆದುಕೊಳ್ಳುವುದು ನನ್ನ ಕೆಲಸ. ಅಲ್ಲಿ ಒಂದು ಚೀಲವೂ ತಪ್ಪುವುದಿಲ್ಲ. ಆದರೆ ಒಂದು ಸಂಜೆ ಪೇಟೆಯಲ್ಲಿ ಉಪ್ಪು ಮರೆತು ಬಂದೆ, ಅದನ್ನು ತರಲು ಹೋಗಿ ಚಹಾಪುಡಿ ಮರೆತು ಬಂದೆ. ಮೂರನೆಯ ಸಲ ಪೇಟೆ ತುಳಿದು ಬಂದವನೇ, ಕಿರಾಣಿ ಯಾದಿ ಬರೆಯಲೆಂದು ಅಡುಗೆಮನೆಯ ಬಾಗಿಲಿಗೆ ಹಾಳೆ ಅಂಟಿಸಿ, ದಾರದಲ್ಲಿ ಪೆನ್ನು ಕಟ್ಟಿದೆ. ಹೆಂಡತಿ ಕಸ್ತೂರಿಯನ್ನು ಕರೆದು ಕಾನೂನು ಸಾರಿದೆ: ಯಾದಿಯಲ್ಲಿ ಇದ್ದದ್ದು ಬರುತ್ತದೆ, ಬಾಯಲ್ಲಿ ಹೇಳಿದ್ದು ಬರುವುದಿಲ್ಲ. ಅವಳು ಹಾಳೆಯನ್ನೂ ನನ್ನನ್ನೂ ನೋಡಿ, ಆಗಲಿ ಎಂದಳು.

ನಿಜಕ್ಕೂ ಆ ಒಂದು ತಿಂಗಳು ಬಹಳ ಸುಖವಾಗಿತ್ತು. ಒಂದೇ ಸುತ್ತಿಗೆ ಸಂತೆ ಮುಗಿಯುತ್ತಿತ್ತು. ಗಿರಣಿಯ ಗೆಳೆಯರಿಗೆಲ್ಲ ಯಾದಿಯ ಮಹಿಮೆ ಹೇಳಿದೆ. ಕೆಲವರು ನನ್ನನ್ನು ಕಂಡರೆ ಚಹಾ ಅರ್ಧಕ್ಕೆ ಬಿಟ್ಟು ಏಳತೊಡಗಿದರು. ಕಸ್ತೂರಿ ಒಲೆಯ ಮುಂದೆ ಏನು ಹೇಳಹೊರಟರೂ ನಾನು ಮೊಬೈಲಿನಿಂದ ತಲೆ ಎತ್ತದೆ, "ಯಾದ್ಯಾಗ ಬರಿ" ಅನ್ನುತ್ತಿದ್ದೆ.

ಒಂದು ಸಂತೆಯ ದಿನ ಹಾಳೆ ಕಿತ್ತು, ಓದದೆಯೇ ಮಡಚಿ, ದಾವಲಸಾಬರ ಕಿರಾಣಿ ಅಂಗಡಿಯಲ್ಲಿ ಕೊಟ್ಟೆ. ಗಟ್ಟಿಯಾಗಿ ಓದುತ್ತ ತೂಗುವುದು ಅವರ ರೂಢಿ. ಸುತ್ತ ಹತ್ತು ಜನ ನಿಂತಿದ್ದರು. ಜೀರಿಗೆ ಓದಿದರು, ತೊಗರಿಬೇಳೆ ಓದಿದರು. ಆಮೇಲೆ ಕನ್ನಡಕ ಮೇಲೇರಿಸಿ ಮುಂದಿನದನ್ನು ಓದಿದರು.

"ತಿಳವಳ್ಳಿ ಅಕ್ಕನ ಮನಿ. ಇಬ್ಬರೂ ಕೂಡಿ ಹೋಗೂದು. ನಾಕನೇ ಸಲ ಹೇಳಾಕತ್ತೇನಿ."

ಹಾಳೆಯನ್ನು ಮೆಲ್ಲಗೆ ನನ್ನತ್ತ ಸರಿಸಿದರು. "ಇದು ನಮ್ಮಲ್ಲಿ ಸಿಗೂದಿಲ್ಲರಿ. ಬಸ್‌ಸ್ಟ್ಯಾಂಡಿನ್ಯಾಗ ಕೇಳ್ರಿ."

ಯಾರೂ ನಗಲಿಲ್ಲ. ಪಕ್ಕದ ಮುದುಕಿಯೊಬ್ಬಳು ಪಾಪ ಎಂದಳು. ಯಾರು ಪಾಪ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಕಸ್ತೂರಿಯ ಅಕ್ಕ ಕಾಲು ಮುರಿದುಕೊಂಡು ಮನೆ ಹಿಡಿದು ಕೂತು ತಿಂಗಳಾಗಿತ್ತು. ಆ ಸುದ್ದಿ ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಮರುದಿನವೇ ರಜೆ ಹಾಕಿ ತಿಳವಳ್ಳಿ ಬಸ್ಸು ಹತ್ತಿದೆವು. ತಪ್ಪಾಯಿತು ಎಂದೆ. ಕಸ್ತೂರಿ ಕಿಟಕಿಯಾಚೆ ನೋಡುತ್ತ, "ನೀವ ಬರಿ ಅಂದ್ರಿ, ಬರದೆ" ಎಂದಳು. ಸಿಟ್ಟೇನೂ ಇರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಅಕ್ಕನ ಮನೆ ಮುಟ್ಟುತ್ತಲೇ ಅವಳು ಸೆರಗು ಸಿಕ್ಕಿಸಿ ಹೋಳಿಗೆಗೆ ನಿಂತಳು. ಅಕ್ಕ ಮಂಚದ ಮೇಲೆ ಕುಳಿತೇ ತಂಗಿಯೊಡನೆ ಹಳೆಯದೆಲ್ಲ ನೆನೆದು ಕಣ್ಣೀರು ಬರುವಷ್ಟು ನಕ್ಕಳು. ನಾನು ಊಟಕ್ಕೆ ಕೂತಾಗ, ನೋಡಲು ಬಂದ ನೆರೆಯ ಹೆಂಗಸರಿಗೆ ನನ್ನನ್ನು ತೋರಿಸಿ, "ನಮ್ಮ ತಂಗಿ ಗಂಡ ಭಾಳ ಕಳಕಳಿ ಮನಷ್ಯಾರಿ. ನನ್ನ ನೋಡಬೇಕಂತ ತಾವ ರಜಾ ಹಾಕಿ, ಇಕಿನ್ನ ಹೊರಡಿಸಿಕೊಂಡು ಬಂದಾರ" ಎಂದಳು.

ಹಾಗೆಂದು ಅಕ್ಕನಿಗೆ ಹೇಳಿದವಳು ಕಸ್ತೂರಿಯಲ್ಲದೆ ಇನ್ನಾರು? ನಡೆದದ್ದನ್ನು ನಡೆದ ಹಾಗೆ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕಸ್ತೂರಿ ನನ್ನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು, "ಸುಮ್ನ ಉಣ್ರಿ" ಎಂದು ಪಿಸುಗುಟ್ಟಿದಳು. ಕಳಕಳಿಯ ಮನುಷ್ಯನಿಗೆ ತಕ್ಕ ಗಾಂಭೀರ್ಯದಿಂದ ಅದನ್ನೂ ಉಂಡೆ.