ನಮ್ಮತ್ತೆಯ ದವಡೆ

ನಮ್ಮ ಸೋದರತ್ತೆಯ ದವಡೆಯಷ್ಟು ದುಡಿದ ದವಡೆ ಟಿ. ನರಸೀಪುರ ತಾಲ್ಲೂಕಿನಲ್ಲೇ ಇನ್ನೊಂದಿರಲಾರದು! ಹಾಗಂತ ಎಲೆಅಡಿಕೆಯ ಚಟವಿಲ್ಲ, ಕಬ್ಬು ಜಗಿದವರೂ ಅಲ್ಲ. ಬರೀ ಮಾತು. ಬನ್ನೂರಿನ ಅಕ್ಕಿ ಗಿರಣಿಯ ಸದ್ದಿನಲ್ಲಿ ದುಡಿದು ದುಡಿದು ಮಾವನ ಎರಡು ಕಿವಿಯೂ ಹೋಗಿದ್ದವು. ಇಬ್ಬರಿಗೂ ಓದುಬರಹವಿಲ್ಲ. ಅತ್ತೆ ದನಿಯನ್ನೇ ಎತ್ತದೆ, ಬಾಯಿ ಅಗಲಿಸಿ ಒಂದೊಂದು ಮಾತನ್ನೂ ಬಿಡಿಸಿ ತೋರಿಸುತ್ತಿದ್ದರು. ಮಾವ ನೋಡಿಯೇ ತಿಳಿದುಕೊಳ್ಳುತ್ತಿದ್ದರು.

ಅಭ್ಯಾಸ ನೋಡಿ, ನಮ್ಮ ಹತ್ತಿರವೂ ಅದೇ. ಅತ್ತೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರೆ ಈ ಕಡೆ ಏನೂ ಕೇಳಿಸದು.

"ಅತ್ತೆ, ದನಿ ಬರ್ತಿಲ್ಲ."

"ಆಗ್ಲಿಂದ ಯೋಳ್ತಾನೇ ಇವ್ನಲ್ಲ ಕಣ್ಲಾ!"

ಇಂಥ ದವಡೆ ಒಂದು ಬೆಳಿಗ್ಗೆ ಕಿವಿಯ ಹತ್ತಿರ ಕಟಕ್ಕೆಂದು ಹಿಡಿದುಕೊಂಡಿತು. ಬಾಯಿ ಒಂದು ಬೆರಳಿನಷ್ಟೂ ತೆರೆಯದು. ಉಪ್ಪಿನ ಶಾಖ ಕೊಟ್ಟದ್ದಾಯಿತು, ದೃಷ್ಟಿ ತೆಗೆದದ್ದಾಯಿತು. ಹಲ್ಲು ಕಚ್ಚಿಕೊಂಡೇ ಅತ್ತೆ ಗೊಣಗಿದ್ದು ನಮಗೆ ಕೇಳಿಸುತ್ತಿತ್ತು. ಮಾವನಿಗೆ ಮಾತ್ರ ಏನೂ ಕಾಣದು. ಸನ್ನೆ ಮಾಡಿ ಉಪ್ಪು ಕೇಳಿದರೆ ಕೊಡೆ ತಂದುಕೊಟ್ಟರು.

ಕೊನೆಗೆ ಇಬ್ಬರನ್ನೂ ನಂಜನಗೂಡಿನ ಬಸ್ಸು ಹತ್ತಿಸಿ ನಾನೂ ಜೊತೆಗೆ ಹೋದೆ. ಅಲ್ಲಿನ ಡಾಕ್ಟರು ದವಡೆಯ ಕೀಲಿಗೆ ಇಂಜೆಕ್ಷನ್ ಕೊಡಬೇಕೆಂದರು. ಅತ್ತೆ ಧೈರ್ಯವಾಗಿ ತೋಳು ಚಾಚಿದರು. ಸೂಜಿ ಕಿವಿಯ ಬಳಿ ಬಂದದ್ದೇ ತಡ, ಕುರ್ಚಿಯಿಂದ ಎದ್ದೇ ಬಿಟ್ಟರು.

"ಕಿವಿ ಕೆಟ್ಟಿರೋದು ನಂಗಲ್ಲ ಸಾ," ಎಂದರು ಹಲ್ಲಿನ ಸಂದಿಯಿಂದಲೇ. "ಆಚೆ ಕುಂತವ್ರಲ್ಲ, ಅವ್ರಿಗೆ."

ಡಾಕ್ಟರು ಅತ್ತೆಯ ಬೆರಳನ್ನೇ ಕಿವಿಯ ಮುಂದಿಟ್ಟು ಕೀಲು ತೋರಿಸಿದರು.

"ಬಾಯಿಗೆ ಕಿವಿ ಪಕ್ಕ ಏನ್ ಕೆಲ್ಸ?" ಎಂದು ಅತ್ತೆ ಗೊಣಗುತ್ತಲೇ ಕುಳಿತರು. ನಾನು ನಗು ತಡೆಯಲಾರದೆ ಹೊರಗೆ ಬಂದೆ.

ಬೆಂಚಿನ ಮೇಲೆ ಮಾವ ಬಾಗಿಲನ್ನೇ ನೋಡುತ್ತಿದ್ದರು. "ಕಿವಿ ಓದಾಗ ಇಂಗನ್ನಿಸ್ನಿಲ್ಲ ಕಣಪ್ಪ. ಈಗ ಮನೆ ಬಿಕೋ ಅಂತದೆ," ಎಂದರು. ನನ್ನ ನಗು ಅಲ್ಲೇ ನಿಂತುಹೋಯಿತು. ಈ ಸೂಜಿ ಫಲಿಸದಿದ್ದರೆ ಇವರ ಗತಿಯೇನು?

ಸ್ವಲ್ಪ ಹೊತ್ತಿಗೆ ಅತ್ತೆ ಹೊರಬಂದರು. "ವಾರದ ಮಟ್ಟಿಗೆ ಮಾತು ಕಮ್ಮಿ ಮಾಡಿ," ಎಂದು ಡಾಕ್ಟರು ಹಿಂದಿನಿಂದ ಹೇಳುತ್ತಲೇ ಇದ್ದರು. ಯಾರಿಗೆ ಹೇಳುತ್ತಾರೆ! ಅತ್ತೆ ನೇರ ಮಾವನ ಎದುರು ನಿಂತು, ದನಿಯಿಲ್ಲದೆ, ತೆರೆದಷ್ಟೂ ಬಾಯಿ ತೆರೆದು ಏನೋ ಹೇಳಿದರು. ಅದನ್ನು ನೋಡುತ್ತಾ ಮಾವನ ಕಣ್ಣು ತುಂಬಿತು. ನಾನು ಗಾಬರಿಯಿಂದ ಏನೆಂದು ಕೈಯಾಡಿಸಿ ಕೇಳಿದೆ.

ಮಾವ ಅಡ್ಡಾದಿಡ್ಡಿ ಹಾಕಿಕೊಂಡಿದ್ದ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು.

"ಬೈತಾವ್ಳೆ ಕಣಪ್ಪ," ಎಂದರು. "ಬೈತಾವ್ಳೆ."